ಬಟ್ಟಲು ತಪ್ಪಿತು

"ಮೇಷ್ಟ್ರೇ, ಶಾಟ್ ಕ್ಲಾಕ್ ತಪ್ಪು ಸಮಯ ತೋರಿಸಿದಾಗ ತೀರ್ಪುಗಾರರು ಏನು ಮಾಡಬೇಕು?" ಎಂದು ನಾಗವೇಣಿ ಕೇಳಿದಳು.

ಶಾಂತವೀರಪ್ಪ ಮೇಷ್ಟ್ರು ಮೂವತ್ತು ವರ್ಷ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಸೀಟಿ ಊದಿ, ಈಗ ಹೊಸಬರಿಗೆ ಆ ಕೆಲಸ ಕಲಿಸುತ್ತಿದ್ದವರು. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. "ನಿಯಮದ ಪುಸ್ತಕ ಕೊಟ್ಟಿದ್ದೆನಲ್ಲ, ಅದನ್ನೇನು ಬಿಸಿ ಪಾತ್ರೆಯ ಅಡಿಗೆ ಇಟ್ಟಿದ್ದೀಯಾ?" ಎಂದರು.

"ಓದಿದ್ದೇನೆ ಮೇಷ್ಟ್ರೇ. ಯಾರಿಗಾದರೂ ಅದರಿಂದ ಅನ್ಯಾಯ ಆಗುವಂತಿದ್ದರೆ ಆಟ ನಿಲ್ಲಿಸಬೇಕು. ಗಡಿಯಾರ ತಪ್ಪಿದೆ ಎಂದು ಎಲ್ಲರಿಗೂ ಹೇಳಬೇಕು. ಸರಿಯಾದ ಸಮಯ ಹಾಕಿಸಿ, ಚೆಂಡು ಯಾರ ಕೈಯಲ್ಲಿತ್ತೋ ಅವರಿಗೇ ಕೊಡಬೇಕು."

"ಮತ್ತೇನು ಕೇಳುವುದು?"

ನಾಗವೇಣಿ ತಡೆದು ತಡೆದು ಹೇಳಿದಳು. ಚೆಂಡು ಸಿಕ್ಕ ತಂಡ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಅದನ್ನು ಬುಟ್ಟಿಗೆ ಎಸೆಯಬೇಕು, ಆ ಸೆಕೆಂಡು ಎಣಿಸುವ ಗಡಿಯಾರವೇ ಶಾಟ್ ಕ್ಲಾಕ್. ಎಸೆದ ಚೆಂಡು ಉಂಗುರಕ್ಕೆ ತಾಗಿ ಮತ್ತೆ ಅವರ ಕೈಗೇ ಬಂದರೆ ಇನ್ನು ಹದಿನಾಲ್ಕು ಸೆಕೆಂಡು ಮಾತ್ರ. ನಿನ್ನೆ ಮಧ್ಯಾಹ್ನ ಹುಡುಗಿಯರ ಫೈನಲ್‌ನಲ್ಲಿ ಕೆಂಪು ತಂಡಕ್ಕೆ ಹೀಗೆ ಚೆಂಡು ಮರಳಿ ಸಿಕ್ಕಾಗ, ಗಡಿಯಾರದ ಮುಂದೆ ಕೂತವರು ಹದಿನಾಲ್ಕರ ಬದಲು ಇಪ್ಪತ್ತನಾಲ್ಕು ಹಾಕಿಬಿಟ್ಟರು. ಆ ಪಂದ್ಯಕ್ಕೆ ತೀರ್ಪುಗಾರಳಾಗಿದ್ದ ನಾಗವೇಣಿ ಅದನ್ನು ಕಂಡಳು. ಆದರೆ ಸೀಟಿ ಊದಲಿಲ್ಲ. ಸಿಕ್ಕ ಹೆಚ್ಚಿನ ಸಮಯದಲ್ಲಿ ಕೆಂಪು ತಂಡ ಎರಡು ಅಂಕ ಗಳಿಸಿತು.

"ಆಮೇಲೆ ನಾನೇ ಸರಿದೂಗಿಸಿದೆ ಮೇಷ್ಟ್ರೇ. ಸ್ವಲ್ಪ ಹೊತ್ತಿಗೆ ಕೆಂಪು ತಂಡದ ಒಬ್ಬ ಹುಡುಗಿಯ ಮೇಲೆ ಫೌಲ್ ಕೊಟ್ಟೆ. ಅವಳು ಯಾರನ್ನೂ ಮುಟ್ಟಿರಲಿಲ್ಲ. ಅವಳಿಗೆ ಅದು ಐದನೆಯದು, ಆಟದಿಂದ ಹೊರಗೆ ಹೋಗಬೇಕಾಯಿತು. ಪಾಪ, ಅಳುತ್ತಾ ಹೋದಳು. ಆದರೂ ಆ ಕಡೆಗೊಂದು, ಈ ಕಡೆಗೊಂದು, ಎರಡೂ ಸಮ ಆಯಿತಲ್ಲ. ಯಾರೂ ದೂರು ಕೊಡಲಿಲ್ಲ. ಸರಿ ತಾನೇ ಮೇಷ್ಟ್ರೇ?"

ಆ ಒಂದು 'ಸರಿ'ಗಾಗಿಯೇ ಅವಳು ಬೆಳಿಗ್ಗೆ ಎದ್ದವಳೇ ಬಸ್ಸು ಹತ್ತಿ ಬಂದಿದ್ದಳು. ಮೇಷ್ಟ್ರು ಅದನ್ನು ಕೊಡಲಿಲ್ಲ. "ಕೂತುಕೋ" ಎಂದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟಲಿನವನಿದ್ದ. ಅವನ ಕೈಯಲ್ಲೊಂದು ತಾಮ್ರದ ಬಟ್ಟಲು, ಬಟ್ಟಲಿನ ತಳದಲ್ಲೊಂದು ಸೂಜಿಮೊನೆಯಷ್ಟು ತೂತು. ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ಏರಿ ಏರಿ, ನೂರು ಎಣಿಸುವ ಹೊತ್ತಿಗೆ ಗುಳುಂ ಎಂದು ಮುಳುಗುತ್ತಿತ್ತು. ಆ ಊರಿನಲ್ಲಿ ಸಾಕ್ಷಿ ಇಲ್ಲದ ವ್ಯಾಜ್ಯಗಳನ್ನೆಲ್ಲ ಈ ಬಟ್ಟಲೇ ತೀರಿಸಬೇಕು. ಅಲ್ಲಿಯ ಪಾಳೆಯಗಾರ ಹಾಗೆ ಕಟ್ಟಳೆ ಮಾಡಿದ್ದ. ವಾದಿ, ಪ್ರತಿವಾದಿ ಒಬ್ಬರಾದ ಮೇಲೊಬ್ಬರು ಕೆರೆಗಿಳಿದು, ನೀರೊಳಗಿನ ಕಲ್ಲುಕಂಬದ ಬುಡ ಹಿಡಿದು ಮುಳುಗಿ ಕೂರಬೇಕು. ಬಟ್ಟಲು ಮುಳುಗಿದ ಕೂಡಲೇ ಬಟ್ಟಲಿನವನು ಜಾಗಟೆ ಬಾರಿಸುತ್ತಾನೆ. ಜಾಗಟೆ ಕೇಳುವ ತನಕ ಉಸಿರು ಹಿಡಿದವನ ಮಾತು ನಿಜ, ಮೊದಲೇ ಎದ್ದವನ ಮಾತು ಸುಳ್ಳು. ಇಬ್ಬರೂ ಹಿಡಿದರೆ ಇಬ್ಬರೂ ನಿರಪರಾಧಿಗಳು. ಇಬ್ಬರೂ ಮೊದಲೇ ಎದ್ದರೆ ಮುಂದಿನ ಹುಣ್ಣಿಮೆಯ ದಿನ ಮತ್ತೆ ಮೊದಲಿನಿಂದ.

ಇದೆಂಥಾ ನ್ಯಾಯ ಎಂದು ಹುಬ್ಬು ಗಂಟು ಹಾಕಬೇಡ. ಹತ್ತು ಸೆಕೆಂಡಿಗೆ ಫೈನಲ್ ಗೆಲ್ಲುವ, ಸೋಲುವ ನಾವು ಅದನ್ನು ಆಡಿಕೊಳ್ಳುವ ಹಾಗಿಲ್ಲ.

ಇನ್ನೊಂದು ಕಟ್ಟಳೆಯಿತ್ತು. ತೇಲುತ್ತಿರುವ ಬಟ್ಟಲನ್ನು ಯಾರೂ ಮುಟ್ಟಬಾರದು, ಪಾಳೆಯಗಾರನೂ ಮುಟ್ಟುವಂತಿಲ್ಲ. ಬಟ್ಟಲಿನವನೊಬ್ಬನಿಗೆ ಮಾತ್ರ ಒಂದು ಅಧಿಕಾರ. ಬಟ್ಟಲಿನಲ್ಲಿ ಏನಾದರೂ ದೋಷ ಕಂಡರೆ ಅವನು ಅದನ್ನು ಕವುಚಿ, 'ಬಟ್ಟಲು ತಪ್ಪಿತು' ಎಂದು ಕೂಗಬೇಕು. ಅಷ್ಟು ಕೂಗಿದರೆ ಆಯಿತು. ಮುಳುಗಿದವನು ಮೇಲೆ ಬರುತ್ತಾನೆ, ಸುಧಾರಿಸಿಕೊಳ್ಳುತ್ತಾನೆ, ಬಟ್ಟಲು ಸರಿಮಾಡಿ ಮತ್ತೆ ತೇಲಿಬಿಡುತ್ತಾರೆ. ಯಾರಿಗೂ ಸೋಲಿಲ್ಲ, ಗೆಲುವಿಲ್ಲ.

ಆದರೆ ನಮ್ಮ ಬಟ್ಟಲಿನವನ ಮನೆತನದಲ್ಲಿ ಮೂರು ತಲೆಮಾರಿನಿಂದ ಆ ಮಾತನ್ನು ಯಾರೂ ಕೂಗಿರಲಿಲ್ಲ. ಅಜ್ಜ ಕೂಗಿರಲಿಲ್ಲ, ಅಪ್ಪ ಕೂಗಿರಲಿಲ್ಲ. ಇವನೂ ಕೂಗಿರಲಿಲ್ಲ. ಅದೇ ಅವನಿಗೆ ದೊಡ್ಡ ಹೆಮ್ಮೆ. ಯಾವ ಮದುವೆ ಮನೆಗೆ ಹೋಗಲಿ, ಎಲೆಯ ಮುಂದೆ ಕೂತವನೇ ಈ ಮಾತು ತೆಗೆಯುತ್ತಿದ್ದ. ಜನ ಹೂಂ ಹೂಂ ಎಂದು ಉಣ್ಣುತ್ತಿದ್ದರು.

ಹೀಗಿರುವಾಗ ಒಂದು ಗಾಳಿಯ ಮಧ್ಯಾಹ್ನ ಊರಿನ ಕಣಜಕ್ಕೆ ಬೆಂಕಿ ಬಿತ್ತು. ವರ್ಷದ ಜೋಳವೆಲ್ಲ ಬೂದಿಯಾಯಿತು. ಕಣಜದ ಈ ಮಗ್ಗುಲಿಗೆ ಒಬ್ಬ ಕುಂಬಾರನ ಆವಿಗೆ, ಆ ಮಗ್ಗುಲಿಗೆ ಒಬ್ಬ ಬುಟ್ಟಿ ಹೆಣೆಯುವವನ ಅಂಗಳ. ಕುಂಬಾರ ಮಡಕೆ ಸುಡುತ್ತಿದ್ದ, ಬುಟ್ಟಿಯವ ಬಿದಿರು ಬಗ್ಗಿಸಲು ಬೆಂಕಿ ಹಾಕಿದ್ದ. ಕಿಡಿ ನಿನ್ನದು ಎಂದು ಅವನು, ನಿನ್ನದು ಎಂದು ಇವನು. ನೋಡಿದವರಿಲ್ಲ. ಪಾಳೆಯಗಾರ ಉರಿದುಬಿದ್ದ. ಇಬ್ಬರೂ ಕೆರೆಗಿಳಿಯಲಿ, ಸುಳ್ಳು ಹೇಳಿದವನು ಹೊತ್ತು ಮುಳುಗುವುದರೊಳಗೆ ಹೆಂಡತಿ ಮಕ್ಕಳೊಂದಿಗೆ ಊರು ಬಿಡಲಿ ಎಂದ.

ಆ ದಿನ ಬೆಳಿಗ್ಗೆ ಬಟ್ಟಲಿನವನು ಪದ್ಧತಿಯಂತೆ ತೂತಿನಲ್ಲಿ ಕುದುರೆಕೂದಲು ಆಡಿಸಿ, ಬಾನಿಯಲ್ಲಿ ಮೂರು ಸಲ ಬಟ್ಟಲು ತೇಲಿಬಿಟ್ಟ. ಮೂರು ಸಲವೂ ಸರಿಯಾಗಿ ನೂರಕ್ಕೆ ಮುಳುಗಿತು. ಅಲ್ಲಿಗೆ ಬಿಟ್ಟಿದ್ದರೆ ಯಾವ ಕತೆಯೂ ಇರುತ್ತಿರಲಿಲ್ಲ. ಪಾಳೆಯಗಾರ ಬರುತ್ತಾನೆ, ಹತ್ತೂರಿನ ಜನ ಬರುತ್ತಾರೆ, ಬಟ್ಟಲು ಫಳಫಳ ಎನ್ನಬೇಡವೇ? ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಿದ. ತೊಳೆದ. ಬಟ್ಟೆಯಲ್ಲಿ ಒರೆಸಿದ. ಬಟ್ಟಲು ಹೊಸ ಮದುಮಗಳ ಹಾಗೆ ಹೊಳೆಯಿತು. ಹುಣಸೆಹಣ್ಣಿನ ಒಂದು ನಾರು ತೂತಿನೊಳಗೆ ಕೂತಿತು. ಪರೀಕ್ಷೆ ಮಾಡಿದ ಮೇಲೆ ತಿಕ್ಕಿದನಲ್ಲ ಪುಣ್ಯಾತ್ಮ, ತಿಕ್ಕಿದ ಮೇಲೆ ಪರೀಕ್ಷೆ ಮಾಡಲಿಲ್ಲ.

ಮೊದಲು ಕುಂಬಾರ ಇಳಿದ. ಕಂಬದ ಬುಡ ಹಿಡಿದು ಮುಳುಗಿದ. ಬಟ್ಟಲಿನವನು ದಡದಲ್ಲಿ, ಕಲ್ಲಿನ ತೊಟ್ಟಿಯ ನೀರಿನಲ್ಲಿ ಬಟ್ಟಲು ತೇಲಿಬಿಟ್ಟ. ಜನರ ಕಣ್ಣೆಲ್ಲ ಕೆರೆಯ ಮೇಲೆ, ಬಟ್ಟಲಿನ ಮೇಲೆ ಕಣ್ಣಿದ್ದದ್ದು ಇವನೊಬ್ಬನಿಗೆ. ಚಿಕ್ಕಂದಿನ ಅಭ್ಯಾಸ, ತುಟಿ ಅಲುಗಿಸದೆ ಮನಸ್ಸಿನಲ್ಲೇ ಎಣಿಸುತ್ತಿದ್ದ. ಎಂಬತ್ತು. ಬಟ್ಟಲು ಅರ್ಧವೂ ತುಂಬಿರಲಿಲ್ಲ. ತೊಂಬತ್ತು. ಅವನು ತೊಟ್ಟಿಯ ಮೇಲೆ ಬಾಗಿದ. ನೂರು. ಬಟ್ಟಲು ಹಾಯಾಗಿ ತೇಲುತ್ತಿತ್ತು.

ಅವನಿಗೆ ಎಲ್ಲ ತಿಳಿಯಿತು. ಹುಣಸೆಹಣ್ಣು ಎಂದು ಕೂಡ ತಿಳಿಯಿತು. ಮಾಡಬೇಕಾದದ್ದೂ ತಿಳಿದಿತ್ತು, ನಿನಗೆ ನಿನ್ನೆ ತಿಳಿದಿದ್ದ ಹಾಗೆ. ಕೈ ಚಾಚಿ ಬಟ್ಟಲು ಕವುಚಬೇಕು, ಎರಡು ಶಬ್ದ ಕೂಗಬೇಕು. ಕೈ ಚಾಚಿದ. ಅಷ್ಟರಲ್ಲಿ ಕೆರೆಯ ಏರಿಯ ಮೇಲೆ ಕೂತ ಪಾಳೆಯಗಾರ ಕಂಡ, ಅವನ ಪಕ್ಕದಲ್ಲಿ ಊರ ಹಿರಿಯರು ಕಂಡರು. ಅಜ್ಜ ಕೂಗದ ಮಾತು, ಅಪ್ಪ ಕೂಗದ ಮಾತು. ಇಷ್ಟು ಜನರ ಮುಂದೆ ಕೂಗಿದರೆ ಬಟ್ಟಲು ತೊಳೆಯಲೂ ಬಾರದವನು ಎಂದು ಮಕ್ಕಳೂ ನಗುತ್ತಾರೆ. ಇನ್ನೊಂದು ಕ್ಷಣ ನೋಡೋಣ, ಈಗ ಮುಳುಗೀತು ಎಂದುಕೊಂಡ. ಚಾಚಿದ ಕೈ ಹಿಂದಕ್ಕೆ ಬಂತು.

ನೂರಿಪ್ಪತ್ತಕ್ಕೆ ಕುಂಬಾರ ನೀರು ಸೀಳಿಕೊಂಡು ಎದ್ದ. ಕೆಮ್ಮಿ, ಉಗುಳಿ, ಸುತ್ತ ನೋಡಿದ. "ಜಾಗಟೆ ಬಾರಿಸಿದಿರಾ? ನನಗೆ ಕೇಳಲಿಲ್ಲ" ಎಂದ.

"ಎಲ್ಲಿಂದ ಬಾರಿಸುತ್ತಾನೆ? ನೋಡು, ಬಟ್ಟಲು ಇನ್ನೂ ತೇಲುತ್ತಿದೆ" ಎಂದು ಯಾರೋ ಕೂಗಿದರು. ಜನ ಹೋ ಎಂದು ನಕ್ಕರು. ಕುಂಬಾರ ತೊಟ್ಟಿಯ ಬಳಿ ಬಂದು ಬಟ್ಟಲನ್ನೇ ನೋಡಿದ. ಆಮೇಲೆ ಬಟ್ಟಲಿನವನ ಮುಖ ನೋಡಿದ. ಬಟ್ಟಲಿನವನು ಜಾಗಟೆಯ ದಾರ ಸರಿಮಾಡುತ್ತಾ ತಲೆ ತಗ್ಗಿಸಿದ. ಕುಂಬಾರ ಹೆಂಡತಿಯ ಪಕ್ಕ ಹೋಗಿ ಒದ್ದೆ ಬಟ್ಟೆಯಲ್ಲೇ ಕೂತ.

ಆಗಲೂ ಕಾಲ ಮೀರಿರಲಿಲ್ಲ. ಬಾಯಿ ಬಿಟ್ಟಿದ್ದರೆ ಕುಂಬಾರ ಉಳಿಯುತ್ತಿದ್ದ. ನಗುವವರು ನಾಲ್ಕು ದಿನ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಒಮ್ಮೆ ಸುಮ್ಮನಿದ್ದವನಿಗೆ ಎರಡನೆಯ ಸಲ ಬಾಯಿ ಬಿಡುವುದು ಇನ್ನೂ ಕಷ್ಟ. ಆಗಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಲ್ಲ!

ಬಟ್ಟಲಿನವನೇನು ಕೆಟ್ಟವನಲ್ಲ. ಕುಂಬಾರನ ಮುಖ ನೋಡಿ ಅವನಿಗೆ ಸಂಕಟವಾಯಿತು. ಅವನ ಮಕ್ಕಳು ಬೀದಿಗೆ ಬೀಳುತ್ತವಲ್ಲ ಎಂದು ಕರುಳು ಚುರ್ ಎಂದಿತು. ಹಾಗಾಗಿಯೇ ಅವನಿಗೊಂದು ಉಪಾಯ ಹೊಳೆಯಿತು. ಬುಟ್ಟಿಯವನಿಗೂ ಇದೇ ಬಟ್ಟಲು ಇರಲಿ. ಅವನೂ ತಾಳಲಾರದೆ ಮೊದಲೇ ಏಳುತ್ತಾನೆ. ಇಬ್ಬರೂ ಸೋತರೆ ಹುಣ್ಣಿಮೆಗೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ನಾರು ತೆಗೆದುಬಿಡುತ್ತೇನೆ. ಯಾರಿಗೂ ಅನ್ಯಾಯವಿಲ್ಲ, ಮನೆತನದ ಹೆಸರಿಗೂ ಚ್ಯುತಿಯಿಲ್ಲ. ಎಷ್ಟು ಚೆನ್ನಾಗಿ ಸರಿದೂಗಿತಲ್ಲ ಎಂದು ಅವನಿಗೆ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಬಂತು.

ಬಟ್ಟಲನ್ನು ಎತ್ತಿ ನೀರು ಚೆಲ್ಲಿದಾಗ ನಾರು ಸ್ವಲ್ಪ ಸಡಿಲವಾಗಿತ್ತು. ಬಟ್ಟಲು ಒರೆಸುವವನ ಹಾಗೆ ಬಟ್ಟೆಯೊಳಗೆ ಕೈಯಿಟ್ಟು, ಹೆಬ್ಬೆರಳಿನಿಂದ ಅದನ್ನು ತೂತಿನೊಳಕ್ಕೆ ಗಟ್ಟಿಯಾಗಿ ಒತ್ತಿದ.

ಈಗ ಬುಟ್ಟಿಯವ ಇಳಿದ. ಅವನದು ಒಣಕಲು ಮೈ, ಆದರೆ ಮಹಾ ಹಟಮಾರಿ. ಎಂಟು ದಿನದಿಂದ ಬಿದಿರು ನೆನೆಹಾಕುವ ತೊಟ್ಟಿಯಲ್ಲಿ ಮುಖ ಮುಳುಗಿಸಿ ಅಭ್ಯಾಸ ಮಾಡಿದ್ದ. ಅವನ ಹೆಂಡತಿ ಬೆನ್ನ ಮೇಲೆ ಕೈಯಿಟ್ಟು ಎಣಿಸುತ್ತಿದ್ದಳು. ಎಂಟನೆಯ ದಿನ ನೂರು ಮುಟ್ಟಿದಾಗ ಗಂಡ ಹೆಂಡತಿ ಇಬ್ಬರೂ ಕುಣಿದಾಡಿದ್ದರು. ಜಾಗಟೆ ಕೇಳುವ ಮುಂಚೆ ಮೈ ತಾನಾಗಿ ಮೇಲಕ್ಕೆ ಏಳಬಾರದು ಎಂದು ಅವನು ಒಂದು ಬಿದಿರಿನ ಸೀಳನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಇಳಿದಿದ್ದ. ನೀರೊಳಗೆ ಆ ಸೀಳಿನಿಂದ ತನ್ನ ಎಡಗೈಯನ್ನು ಕಂಬಕ್ಕೆ ಕಟ್ಟಿಕೊಂಡ. ಜಾಗಟೆ ಕೇಳಿದ ಕೂಡಲೇ ಬಲಗೈಯಿಂದ ಎಳೆದರೆ ಬಿಚ್ಚುವ ಗಂಟು. ಅವನ ಕಸುಬೇ ಅದು, ಕಣ್ಣು ಮುಚ್ಚಿ ಕಟ್ಟಬಲ್ಲ. ಇದು ದಡದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಬಟ್ಟಲಿನವನು ಎಣಿಸಿದ. ನೂರು ಆಯಿತು. ಬಟ್ಟಲಿನಲ್ಲಿ ಬೆರಳುದ್ದ ನೀರೂ ಇಲ್ಲ. ನೂರಿಪ್ಪತ್ತು. ಇನ್ನೇನು ಎದ್ದುಬಿಡುತ್ತಾನೆ ಎಂದುಕೊಂಡ. ನೂರೈವತ್ತು. ಜನ "ಭಲೇ! ಭಲೇ ಬುಟ್ಟಿಯವನೇ!" ಎಂದು ಕೂಗಾಡಿದರು. ನೀರಿನ ಮೇಲೆ ಒಂದಿಷ್ಟು ಗುಳ್ಳೆ ಬಂತು. ಏಳೋ, ಎದ್ದುಬಿಡೋ ಮಾರಾಯ ಎಂದು ಬಟ್ಟಲಿನವನು ಒಳಗೊಳಗೇ ಬೇಡಿಕೊಂಡ. ಅವನ ಎರಡೂ ಕೈ ತೊಟ್ಟಿಯ ಅಂಚಿನಲ್ಲಿದ್ದವು, ಬಟ್ಟಲಿಗೂ ಅವಕ್ಕೂ ಒಂದು ಗೇಣು. ಈಗ ಕವುಚಿದರೆ ಬಟ್ಟಲನ್ನು ತೆಗೆದು ನೋಡುತ್ತಾರೆ. ನಾರನ್ನು ನೋಡುತ್ತಾರೆ. ಅದು ತಾನಾಗಿ ಕೂತದ್ದಲ್ಲ, ಒತ್ತಿದ್ದು ಎಂದು ಕಾಣುತ್ತದೆ. ಮೊದಲ ಸಲ ಕೂಗಿದ್ದರೆ ನಗು ಇತ್ತು, ಈಗ ಕೂಗಿದರೆ ತಲೆ ಹೋಗುತ್ತದೆ. ಇನ್ನೂರು. ಗುಳ್ಳೆ ನಿಂತಿತು. ಆಮೇಲೆ ಅವನಿಗೆ ಎಣಿಕೆ ತಪ್ಪಿತು.

ಕೊನೆಗೂ ಬಟ್ಟಲು ಮುಳುಗಿತು. ಅವನು ಜಾಗಟೆ ಬಾರಿಸಿದ. ಇಷ್ಟು ಜೋರಾಗಿ ಅವನು ಎಂದೂ ಬಾರಿಸಿರಲಿಲ್ಲ. ಬುಟ್ಟಿಯವ ಮೇಲೆ ಬರಲಿಲ್ಲ. ಮತ್ತೆ ಬಾರಿಸಿದ, ಮತ್ತೆ ಮತ್ತೆ ಬಾರಿಸಿದ. ಜನರ ಕೂಗು ಅಡಗಿತು. ನಾಲ್ವರು ನೀರಿಗೆ ಹಾರಿ, ಬಿದಿರಿನ ಸೀಳನ್ನು ಕೊಯ್ದು ಅವನನ್ನು ಎತ್ತಿ ತಂದರು. ಹೊಟ್ಟೆ ಒತ್ತಿದರು, ಅಂಗಾಲು ತಿಕ್ಕಿದರು. ಏನೂ ಪ್ರಯೋಜನವಾಗಲಿಲ್ಲ. ಬಲಗೈಯ ಬೆರಳುಗಳು ಗಂಟಿನ ತುದಿಯನ್ನು ಹಾಗೇ ಹಿಡಿದಿದ್ದವು.

ಪಾಳೆಯಗಾರ ಏರಿಯಿಂದ ಇಳಿದು ಬಂದು ಹೆಣದ ಮುಂದೆ ನಿಂತ. ಜಾಗಟೆಯಾಗುವ ತನಕ ಏಳಲಿಲ್ಲ, ಆದ್ದರಿಂದ ಬುಟ್ಟಿಯವನ ಮಾತು ನಿಜ ಎಂದ. ಕುಂಬಾರ ಸುಳ್ಳುಗಾರ, ಹೊತ್ತು ಮುಳುಗುವುದರೊಳಗೆ ಊರು ಬಿಡಲಿ ಎಂದ. ಕಟ್ಟಳೆಯ ಪ್ರಕಾರ ಎರಡೂ ಮಾತು ಸರಿಯಾಗಿಯೇ ಇದ್ದವು.

ಬುಟ್ಟಿಯವನ ಹೆಂಡತಿ ಆ ತನಕ ಅತ್ತಿರಲಿಲ್ಲ. ಗಂಡ ಮುಳುಗಿದಾಗಿನಿಂದ ಅವಳೂ ಎಣಿಸುತ್ತಿದ್ದಳು. ಕುಂಬಾರನ ಸರದಿಯಲ್ಲಿ ಎಣಿಸಿರಲಿಲ್ಲ. ಎದುರಾಳಿಯ ಉಸಿರನ್ನು ಯಾರು ತಾನೇ ಎಣಿಸುತ್ತಾರೆ? ಅವಳು ತೊಟ್ಟಿಯ ಹತ್ತಿರ ಬಂದಳು.

"ಅಣ್ಣಾ, ನಾನು ನೂರು ಎಣಿಸಿ ಮುಗಿಸಿದೆ. ಅದರ ಮೇಲೆ ಇನ್ನೊಂದು ನೂರು ಎಣಿಸಿದೆ. ಜಾಗಟೆ ಯಾಕೆ ತಡವಾಯಿತು?"

ಬಟ್ಟಲಿನವನು ಹೇಳಿದ, "ಇಬ್ಬರಿಗೂ ಒಂದೇ ಬಟ್ಟಲು, ತಂಗಿ."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು, ಹಾಗಾದರೆ ತಾನೇ ಬೇಗ ಬೇಗ ಎಣಿಸಿರಬೇಕು ಎಂದುಕೊಂಡಳು. ಮನೆಯಲ್ಲೂ ಹಾಗೇ ಬೇಗ ಬೇಗ ಎಣಿಸಿ ಗಂಡನಿಗೆ ಸುಳ್ಳು ಧೈರ್ಯ ಕೊಟ್ಟೆನೇನೋ ಎಂದು ಅವಳಿಗೆ ಅನ್ನಿಸಿತು. ಆಗ ಕೆಳಗೆ ಕೂತು ಎದೆ ಎದೆ ಬಡಿದುಕೊಂಡು ಅತ್ತಳು. ಸಾಯುವ ತನಕ ಅವಳು ಗಂಡನನ್ನು ಕೊಂದವಳು ತಾನೇ ಎಂದು ನಂಬಿದ್ದಳು.

ಕುಂಬಾರ ಹೊತ್ತಿಳಿಯುವ ಮುಂಚೆ ಗಾಡಿ ಕಟ್ಟಿದ. ಮಡಕೆ ಮಾಡುವ ತಿಗರಿ ಹೇರಿದ, ಮಕ್ಕಳನ್ನು ಹತ್ತಿಸಿದ. ಆವಿಗೆಯಲ್ಲಿ ಆರಿದ ಮಡಕೆಗಳನ್ನು ಅಲ್ಲೇ ಬಿಟ್ಟು ಹೋದ. ದಾರಿಯ ಎರಡೂ ಕಡೆ ನಿಂತವರು ಅವನ ಮೇಲೆ ಮಣ್ಣು ತೂರಿದರು. ಅವನು ಎಲ್ಲಿಗೆ ಹೋದನೋ, ಆ ಮಕ್ಕಳು ಏನಾದವೋ ತಿಳಿಯದು.

ಬಟ್ಟಲಿನವನಿಗೆ ಏನಾಯಿತು ಎನ್ನುತ್ತೀಯಾ? ಏನೂ ಆಗಲಿಲ್ಲ. ಒಬ್ಬ ಮನುಷ್ಯ ಸಾಯುತ್ತಿದ್ದರೂ ಇವನ ಕೈ ಬಟ್ಟಲಿನ ಕಡೆ ಹೋಗಲಿಲ್ಲ, ಇವನಂಥ ನಿಷ್ಠಾವಂತ ಇನ್ನೊಬ್ಬನಿಲ್ಲ ಎಂದು ಪಾಳೆಯಗಾರ ಎಲ್ಲರ ಮುಂದೆ ಶಾಲು ಹೊದಿಸಿದ. ಮನೆಗೆ ಬಂದು ಅವನು ಸೂಜಿಯಿಂದ ನಾರು ಕಿತ್ತು ತೆಗೆದ. ಬಾನಿಯಲ್ಲಿ ಬಟ್ಟಲು ತೇಲಿಬಿಟ್ಟ. ಸರಿಯಾಗಿ ನೂರಕ್ಕೆ ಮುಳುಗಿತು. ಯಾರಿಗೂ ಗೊತ್ತಾಗದ ಸಂಗತಿ ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡ, ಇದು ಕತೆ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ನಾಗವೇಣಿಯ ಮುಖ ಇಳಿದುಹೋಗಿತ್ತು. "ಅಯ್ಯೋ, ಒಂದು ಹುಣಸೆ ನಾರು ಎರಡು ಮನೆ ಹಾಳು ಮಾಡಿತಲ್ಲ ಮೇಷ್ಟ್ರೇ" ಎಂದಳು.

"ನಾರು ಹಾಳು ಮಾಡಿದ್ದು ಒಂದೇ ಮನೆ ಮಗಳೇ, ಇನ್ನೊಂದನ್ನು ಹಾಳು ಮಾಡಿದ್ದು ಸರಿದೂಗಿಸಿದ ಹೆಬ್ಬೆರಳು" ಎಂದರು ಮೇಷ್ಟ್ರು.